ಗಾಜಕ್ಕನಿಗೆ ಕಾಣದ ಮೈಟೋಕಾಂಡ್ರಿಯಾ

ನಮ್ಮ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಅಟೆಂಡರನ್ನು ಎಲ್ಲರೂ ಗಾಜಕ್ಕ ಎಂದೇ ಕರೆಯುತ್ತಿದ್ದರು. ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ ಚೂರುಗಳಿರುತ್ತವಲ್ಲ, ಕವರ್ ಗ್ಲಾಸು, ಅವನ್ನು ಆಕೆ ಹಸುಗೂಸಿಗೆ ಸ್ನಾನ ಮಾಡಿಸುವಷ್ಟು ಜೋಪಾನವಾಗಿ ತೊಳೆದು, ಹಳೇ ಮಲ್ ಬಟ್ಟೆಯಲ್ಲಿ ಒರೆಸಿ, ಡಬ್ಬಿಯಲ್ಲಿ ಜೋಡಿಸಿಡುತ್ತಿದ್ದರು. ಅದರಿಂದ ಬಂದ ಹೆಸರು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಅಲ್ಲೇ ಇತ್ತು.

ಗಾಜಕ್ಕನ ಕೆಲಸದಲ್ಲಿ ಒಂದು ವಿಚಿತ್ರ ನಿಯಮ. ತರಗತಿ ಶುರುವಾಗುವ ತನಕ ಪ್ರಯೋಗಾಲಯ ಆಕೆಯದು. ಈರುಳ್ಳಿ ಹೆಚ್ಚುವುದು, ಅಯೋಡಿನ್ ಬಾಟಲಿ ತುಂಬುವುದು, ಹದಿನಾರು ಮೈಕ್ರೋಸ್ಕೋಪುಗಳನ್ನು ಒರೆಸಿ ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿಡುವುದು, ಎಲ್ಲ ಆಕೆಯೇ. ಗಂಟೆ ಹೊಡೆದೊಡನೆ ಅಟೆಂಡರ್ ಹೊರಗೆ. ಯಾವುದೋ ಕಾಲದ ಮುಖ್ಯಸ್ಥರು ಮಾಡಿಟ್ಟ ಕಾನೂನು. ಯಾಕೆ ಮಾಡಿದರು ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದನ್ನು ತೆಗೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಹಾಗಾಗಿ ಇಪ್ಪತ್ತೆರಡು ವರ್ಷ ಗಾಜಕ್ಕ ಬಾಗಿಲಾಚೆ ಸ್ಟೂಲಿನ ಮೇಲೆ ಕೂತು, ಒಳಗಿನ ಒಂದೇ ಒಂದು ಸದ್ದಿಗೆ ಕಿವಿ ಕೊಟ್ಟಿದ್ದರು. ಚಟ್. ಮೈಕ್ರೋಸ್ಕೋಪಿನ ದೊಡ್ಡ ತಿರುಪನ್ನು ಕಣ್ಣು ಮುಚ್ಚಿ ತಿರುಗಿಸಿದರೆ ಮಸೂರ ಕೆಳಗಿಳಿದು ಗಾಜನ್ನು ಒಡೆಯುತ್ತದೆ, ಅದರ ಸದ್ದು. ದಿನಕ್ಕೆ ಐದಾರು ಸಲ. ಪ್ರತಿ ಚಟ್‌ಗೂ ಆಕೆಯ ಜೀವ ಒಮ್ಮೆ ಹೋಗಿ ಬರುತ್ತಿತ್ತು. "ಒಂದೇ ಮಾತು ಮೇಡಂ, ಬದಿಯಿಂದ ನೋಡ್ಕೊಂಡು ಇಳಿಸ್ಬೇಕು ಅಂತ. ಅಷ್ಟು ಹೇಳೋಕೆ ಬಿಟ್ಟಿದ್ರೆ ಸಾಕಿತ್ತು," ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು. ನಾನು ಅಲ್ಲೇ ಓದಿ ಅಲ್ಲೇ ಆರು ವರ್ಷದಿಂದ ಪಾಠ ಮಾಡುತ್ತಿದ್ದವಳು. ಪಾಪ ಅನ್ನಿಸಿತು. ಅನ್ನಿಸಿದ್ದಷ್ಟೇ, ಸ್ಟೂಲು ಅಲ್ಲೇ ಇತ್ತು.

ಆ ವರ್ಷ ಲ್ಯಾಬ್ ಅಸಿಸ್ಟೆಂಟ್ ಹುದ್ದೆ ಖಾಲಿಯಾಯಿತು. ಅಸಿಸ್ಟೆಂಟ್ ಆದವರು ತರಗತಿಯಲ್ಲಿ ಒಳಗೇ ನಿಲ್ಲಬಹುದು. ಅಟೆಂಡರುಗಳೂ ಪರೀಕ್ಷೆ ಬರೆಯಬಹುದು, ಆದರೆ ಐವತ್ತು ತುಂಬುವುದರೊಳಗೆ. ಗಾಜಕ್ಕನಿಗೆ ನಲವತ್ತೊಂಬತ್ತೂವರೆ. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ಸ್ಟೂಲೇ ಗತಿ.

ಓದಿಸುವ ಹೊಣೆ ನನ್ನ ತಲೆಗೆ ಬಂತು. ಆಕೆಯ ಯಜಮಾನರು ಟೈಲರ್; ಆಕೆಯನ್ನು ಅಕ್ಕ ಎನ್ನುತ್ತಿದ್ದುದರಿಂದ ಅವರು ನನಗೆ ಭಾವ. ಸಂಜೆ ಅವರ ಅಂಗಡಿಯಲ್ಲೇ ಪಾಠ. ಒಂದು ವಾರ ಭಾವ ಸುಮ್ಮನೆ ಹೊಲಿಗೆ ಹಾಕುತ್ತ ಕೇಳಿಸಿಕೊಂಡರು. ಎಂಟನೇ ದಿನ ಮಷೀನು ನಿಲ್ಲಿಸಿ, ಈ ಜೀವಕೋಶ ಅನ್ನೋದು ನನ್ನ ಅಂಗಡಿಯೇ ಎಂದು ಘೋಷಿಸಿದರು. ಕೋಶಕೇಂದ್ರ ಅಂದರೆ ಅಳತೆ ಪುಸ್ತಕ, ಅದು ಕಳೆದರೆ ಅಂಗಡಿ ಮುಚ್ಚಬೇಕು. ರೈಬೋಸೋಮು ಹೊಲಿಗೆ ಮಷೀನು. ಗಾಲ್ಗಿ ಸಂಕೀರ್ಣ ಇಸ್ತ್ರಿ ಮಾಡಿ, ಮಡಿಸಿ, ಚೀಟಿ ಅಂಟಿಸಿ ಕಳಿಸುವ ಮೇಜು. ಮೈಟೋಕಾಂಡ್ರಿಯಾ ಕರೆಂಟು. ಚೂರುಪಾರು ಬಟ್ಟೆ ಹಾಕುವ ಬುಟ್ಟಿ ಲೈಸೋಸೋಮು. ಹೋಲಿಕೆ ತಪ್ಪೆನ್ನುವಂತಿರಲಿಲ್ಲ. ಆದರೆ ಭಾವನಿಗೆ ಅದು ನೆತ್ತಿಗೇರಿತು. ಮೂರನೇ ಸಲ ಬಂದು ವಿಚಾರಿಸಿದ ಗಿರಾಕಿಯೊಬ್ಬರಿಗೆ, ನಿಮ್ಮ ಪ್ಯಾಂಟು ಇನ್ನೂ ಗಾಲ್ಗಿಗೆ ಬಂದಿಲ್ಲ ಎಂದು ಹೇಳಿ ಕಳಿಸಿದರು. ಆ ಮನುಷ್ಯ ಮತ್ತೆ ಬರಲಿಲ್ಲ.

ಗಾಜಕ್ಕ ಎಲ್ಲ ಬಾಯಿಪಾಠ ಮಾಡಿದರು. ತಕರಾರು ಒಂದೇ. "ಇದನ್ನೆಲ್ಲ ನೀವು ಕಣ್ಣಾರೆ ನೋಡಿದೀರಾ ಮೇಡಂ?"

ಪುಸ್ತಕದಲ್ಲಿದೆ, ಬಹಳ ದೊಡ್ಡ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ, ಆದರೂ ಮೈಟೋಕಾಂಡ್ರಿಯಾ ಮಾತ್ರ ನಮ್ಮ ಲ್ಯಾಬಿನ ಮೂರನೇ ನಂಬರಿನ ಮೈಕ್ರೋಸ್ಕೋಪಿನಲ್ಲೇ ಸ್ವಲ್ಪ ಕಾಣುತ್ತದೆ ಎಂದೆ. ಗಾಜಕ್ಕ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಭಾವ ಪರೀಕ್ಷೆಯ ತಂತ್ರ ಹೇಳಿಕೊಡುತ್ತಿದ್ದರು: ಪರೀಕ್ಷಕರು ಗಿರಾಕಿ ಇದ್ದ ಹಾಗೆ, ಅವರು ಹೇಳಿದ್ದಕ್ಕೆಲ್ಲ ಹೌದು ಅನ್ನಬೇಕು.

ಲಿಖಿತ ಪರೀಕ್ಷೆ ಸಲೀಸಾಗಿ ಮುಗಿಯಿತು. ಪ್ರಾಯೋಗಿಕ ನಮ್ಮಲ್ಲೇ, ಪರೀಕ್ಷಕರು ಹೊರಗಿನವರು, ಸಾಮಾನು ಒದಗಿಸಲು ನಾನು. ಪ್ರಶ್ನೆ: ಈರುಳ್ಳಿ ಪೊರೆಯ ಸ್ಲೈಡ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ಕಂಡದ್ದರ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಗಾಜಕ್ಕ ಉಗುರಿನಿಂದ ಪೊರೆ ಎಬ್ಬಿಸಿ, ನೀರಿನ ಹನಿಯ ಮೇಲೆ ಸುಕ್ಕಿಲ್ಲದೆ ಹಾಸಿ, ಒಂದು ತೊಟ್ಟು ಅಯೋಡಿನ್ ಬಿಟ್ಟು, ಗಾಜನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಿದರು. ಒಂದೇ ಒಂದು ಗಾಳಿಗುಳ್ಳೆ ಇರಲಿಲ್ಲ. ಅಷ್ಟು ಚೊಕ್ಕ ಸ್ಲೈಡನ್ನು ನಾನು ಇವತ್ತಿಗೂ ಮಾಡಲಾರೆ.

ಆಮೇಲೆ ಆಕೆ ಬರೆದ ಚಿತ್ರ ನೋಡಿದೆ. ಉಳಿದ ಮೂವರು ಅಭ್ಯರ್ಥಿಗಳು ಪುಸ್ತಕದಲ್ಲಿದ್ದ ಹತ್ತೂ ಭಾಗಗಳನ್ನು ಬರೆದಿದ್ದರು. ಗಾಜಕ್ಕ ಇಟ್ಟಿಗೆ ಗೋಡೆಯಂಥ ಕೋಶಭಿತ್ತಿ, ಮೂಲೆಗೆ ಒತ್ತಿಕೊಂಡ ಕೋಶಕೇಂದ್ರ, ಅಂಚಿನಲ್ಲಿ ತೆಳುವಾಗಿ ಕೋಶದ್ರವ್ಯ ಬರೆದು ಪೆನ್ಸಿಲ್ ಕೆಳಗಿಟ್ಟಿದ್ದರು. ಭಾಗಕ್ಕೊಂದು ಅಂಕ, ಪಾಸಾಗಲು ನಾಲ್ಕು ಬೇಕು.

ಪರೀಕ್ಷಕರು ಉಳಿದವು ಎಲ್ಲಿ ಎಂದು ಕೇಳಿದರು. ಗಾಜಕ್ಕ ಹತ್ತೂ ಭಾಗಗಳ ಹೆಸರು, ಕೆಲಸ ಪಟಪಟನೆ ಒಪ್ಪಿಸಿದರು. ಗಾಲ್ಗಿ ಇಸ್ತ್ರಿ ಮಾಡುತ್ತದೆ ಎಂದದ್ದು ಬಿಟ್ಟರೆ ಎಲ್ಲ ಸರಿ.

"ಎಲ್ಲ ಗೊತ್ತಿದ್ದೂ ಯಾಕೆ ಬರೀಲಿಲ್ಲ?"

"ಕಂಡದ್ದು ಬರಿ ಅಂತ ಕೇಳಿದ್ರಿ ಸರ್. ಅವು ಇದರಲ್ಲಿ ಕಾಣಲ್ಲ."

ಪರೀಕ್ಷಕರು ಕನ್ನಡಕ ತೆಗೆದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಅದು ಮೂರನೇ ನಂಬರಿನದು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು. ಕಡ್ಡಿಯಂತೆ ಕಪ್ಪಗೆ ಒಂದು ಮೈಟೋಕಾಂಡ್ರಿಯಾ ಸೊಗಸಾಗಿ ಕಾಣುತ್ತಿದೆ, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ನಾನೂ ಇಣುಕಿ ನೋಡಿದೆ. ಇತ್ತು. ವಿದ್ಯಾರ್ಥಿನಿಯಾಗಿದ್ದಾಗ ರೆಕಾರ್ಡ್ ಪುಸ್ತಕದಲ್ಲಿ ಬರೆದು ಶಭಾಸ್ ಅನ್ನಿಸಿಕೊಂಡದ್ದು, ಆರು ವರ್ಷದಿಂದ ಮಕ್ಕಳಿಗೆ ತೋರಿಸುತ್ತ ಬಂದದ್ದು, ಅದನ್ನೇ. ಅಕ್ಕ, ಹೌದು ಅಂದುಬಿಡಿ ಎಂದು ಮನಸ್ಸಿನಲ್ಲೇ ಗೋಗರೆದೆ.

ಗಾಜಕ್ಕ ನನ್ನತ್ತ ನೋಡಿದರು, ಬಾಗಿಲಾಚೆಯ ಸ್ಟೂಲಿನತ್ತ ನೋಡಿದರು. ಆಮೇಲೆ, "ಸರ್, ಇನ್ನೊಂದ್ಸಲ ಕಣ್ಣಿಟ್ಟು ನೋಡ್ತಾನೇ ಇರಿ," ಎಂದು, ಪರೀಕ್ಷಕರು ಮತ್ತೆ ಬಗ್ಗಿ ಕಣ್ಣಿಟ್ಟಾಗ ಮೇಲಿನ ಮಸೂರವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು.

ಪರೀಕ್ಷಕರು ಇನ್ನಷ್ಟು ಬಗ್ಗಿದರು.

"ಕೋಶ ತಿರುಗ್ತಾ ಸರ್?"

"ಇಲ್ಲ."

"ಮೈಟೋಕಾಂಡ್ರಿಯಾ?"

"ತಿರುಗ್ತಾ ಇದೆ," ಎಂದರು ಪರೀಕ್ಷಕರು, ಬಹಳ ಸಣ್ಣ ದನಿಯಲ್ಲಿ.

ಅದು ಮೇಲಿನ ಮಸೂರದೊಳಗಿನ ಗೀರು, ತಾನು ಕೆಲಸಕ್ಕೆ ಸೇರುವ ಮುಂಚಿನಿಂದಲೂ ಇದೆ ಎಂದು ಗಾಜಕ್ಕ ವಿವರಿಸಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿಯೂಬಿಟ್ಟೆ. "ನೀವೆಲ್ಲ ಅದನ್ನ ನೋಡೋ ಹೊತ್ತಿಗೆ ನಾನು ಹೊರಗಿರ್ತೀನಲ್ಲ ಮೇಡಂ," ಎಂದರು. ಅವರು ವ್ಯಂಗ್ಯ ಮಾಡಿರಲಿಲ್ಲ. ಮಾಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಪರೀಕ್ಷಕರು ಕನ್ನಡಕವನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ನಂತರ ಉಳಿದ ಮೂವರ ಹಾಳೆಗಳಲ್ಲಿ ಕಾಣದೆ ಬರೆದ ಏಳೇಳು ಭಾಗಗಳನ್ನೂ ಹೊಡೆದು ಹಾಕಿದರು. ಗಾಜಕ್ಕನ ಮೂರಕ್ಕೆ ಮೂರು ಕೊಟ್ಟು, ಗಾಳಿಗುಳ್ಳೆ ಇಲ್ಲದ ಸ್ಲೈಡಿಗೆಂದು ಇನ್ನೊಂದು ಸೇರಿಸಿದರು.

ಆದೇಶ ಬಂದ ಮರುದಿನ ಗಂಟೆ ಹೊಡೆದಾಗ ಗಾಜಕ್ಕ ಒಳಗೇ ಉಳಿದರು. ಮಕ್ಕಳ ಮಧ್ಯೆ ಕೈಕಟ್ಟಿ ನಿಂತ ಆಕೆಯನ್ನು ಕಂಡು ನನಗೆ ತುಂಬ ಸಂತೋಷವಾಯಿತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಹೀಗೆ ತಿರುಗಿಸಬೇಕು ಎಂದು ತೋರಿಸಹೊರಟೆ.

ಚಟ್.

ಗಾಜಕ್ಕ ಹತ್ತಿರ ಬಂದು, ಒಡೆದ ಗಾಜನ್ನು ತೆಗೆದು, ಹೊಸದನ್ನಿಟ್ಟು, ನನ್ನ ತಲೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು.

"ಬದಿಯಿಂದ ನೋಡ್ಕೊಂಡು ಇಳಿಸ್ಬೇಕು ಮೇಡಂ," ಎಂದರು.