ಮಂಗಳನ ಚಂದ್ರರು ಮತ್ತು ಒಂದು ಬಾಳೆಗಿಡ

೨೦೨೫ರ ಜನವರಿ. ಆಳಂದದ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕ, ನಿವೃತ್ತಿಯ ಅಂಚಿನಲ್ಲಿದ್ದೆ. ಆ ತಿಂಗಳು ಮಂಗಳ ಗ್ರಹ ಭೂಮಿಗೆ ಹತ್ತಿರ ಬಂದಿತ್ತು. ಸಂಜೆ ಕಾಲೇಜಿನ ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟು ಊರವರನ್ನು ಕರೆದೆವು. ಮಾತನಾಡಲು ಬಂದವರು ಗಿರೀಶ, ಜೇವರ್ಗಿಯ ಕಾಲೇಜಿನಲ್ಲಿ ನನ್ನದೇ ವಿಷಯ ಕಲಿಸುವವರು. ನಮ್ಮ ಗಣಿತದ ಉಪನ್ಯಾಸಕಿ ಸುಧಾ ಅವರೊಂದಿಗೆ ಅವರ ಮದುವೆ ಮಾತಾಗಿತ್ತು. ಅವರನ್ನೇ ಕರೆಯೋಣ ಎಂದವರೂ ಸುಧಾ.

ಗಿರೀಶ ಸೊಗಸಾಗಿ ಮಾತಾಡಿದರು. ಮಂಗಳನಿಗೆ ಎರಡು ಚಂದ್ರರು, ಫೋಬೋಸ್ ಮತ್ತು ಡೀಮೋಸ್. ದೊಡ್ಡದರ ಅಗಲವೇ ಸುಮಾರು ಇಪ್ಪತ್ತೆರಡು ಕಿಲೋಮೀಟರ್. ನಮ್ಮ ಟೆಲಿಸ್ಕೋಪಿಗೆ ಎರಡೂ ಕಾಣುವುದಿಲ್ಲ. ಫೋಬೋಸ್ ಎಂಟು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತದೆ, ಗ್ರಹ ತಿರುಗುವುದಕ್ಕಿಂತ ಬೇಗ. ಹಾಗಾಗಿ ಅಲ್ಲಿ ನಿಂತವರಿಗೆ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಹಿರೋಳ್ಳಿಯಿಂದ ಬಂದಿದ್ದ ಹೆಂಗಸೊಬ್ಬರು ಕೇಳಿದರು: “ಕುಜ ದೋಷಕ್ಕ ಈ ಚಂದ್ರಗೋಳೂ ಕೂಡ್ತಾವೇನ್ರಿ ಸರ?” ಜಾತಕದ ಕೆಲವು ಮನೆಗಳಲ್ಲಿ ಮಂಗಳ ಕೂತರೆ ಕೈಹಿಡಿದವರ ಆಯುಷ್ಯಕ್ಕೆ ಕುತ್ತು ಎಂಬ ನಂಬಿಕೆಯೇ ಕುಜ ದೋಷ. ಗಿರೀಶ ನಕ್ಕರು: “ಅವು ಬಟಾಟಿ ಆಕಾರದ ಕಲ್ಲ ಅದಾವ್ರಿ ಯವ್ವಾ. ನಮ್ಮ ಮದಿವಿ ನೋಡ್ಕೋತ ಕುಂದ್ರಾಕ ಅವಕ್ಕೂ ಪುರಸೊತ್ತಿಲ್ಲ, ಮಂಗಳಗೂ ಇಲ್ಲ.” ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸುಧಾ.

ಕೆಲವೇ ದಿನಗಳಲ್ಲಿ ಅಫಜಲಪುರದ ಗಿರೀಶರ ಮನೆಯಿಂದ ಫೋನು ಬಂತು. ಸುಧಾ ಅವರ ಕುಂಡಲಿಯಲ್ಲಿ ಕುಜ ದೋಷವಿದೆಯಂತೆ. ಮೊದಲು ಅವರಿಗೆ ಬಾಳೆಗಿಡದ ಜೊತೆ ಮದುವೆ ಮಾಡಬೇಕು, ಆಮೇಲೆ ಗಿಡ ಕಡಿಯಬೇಕು. ಕುತ್ತು ಗಿಡದ ಪಾಲಾಗುತ್ತದೆ, ಗಂಡು ಉಳಿಯುತ್ತಾನೆ. ಸುಧಾ ಒಪ್ಪಲಿಲ್ಲ. “ಅವ್ರು ಹಾಂಗ ಅಂದಿರಂಗಿಲ್ರಿ ಸರ, ಮನ್ಯಾಗಿನವ್ರು ಅಂದಾರ” ಎಂದು ತಮ್ಮ ತಂದೆಯನ್ನೂ ನನ್ನನ್ನೂ ಹೊರಡಿಸಿಕೊಂಡು ಅಫಜಲಪುರಕ್ಕೆ ಹೋದರು.

ಗಿರೀಶರ ತಾಯಿ ಚಹಾ ಕೊಟ್ಟರು. ಗಿರೀಶ ತಲೆ ತಗ್ಗಿಸಿ ಮೊಬೈಲ್ ಉಜ್ಜುತ್ತಿದ್ದರು. ನಾನು ತಡೆಯಲಾರದೆ ಕೇಳಿದೆ: “ಮೈದಾನದಾಗ ಅಷ್ಟ ಮಂದಿ ಮುಂದ ಏನ್ ಹೇಳಿದ್ರಿ?”

“ಅದು ಕಾರ್ಯಕ್ರಮರಿ ಸರ. ಇದು ಮನಿ.”

ಸುಧಾ ಎದ್ದು ನಿಂತರು: “ಬಾಳಿಗಿಡಾನ ಚಲೋ ಬಿಡ್ರಿ. ಎರಡ ನಾಲಿಗಿ ಇಲ್ಲ ಅದಕ್ಕ.”

ಗೆದ್ದೆವು ಎಂದುಕೊಂಡೇ ನಾನು ಬಸ್ ಹತ್ತಿದ್ದೆ. ಆದರೆ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ದೋಷದ ಹುಡುಗಿ ಎಂಬ ಹೆಸರು ಬಿದ್ದಮೇಲೆ ಬಂದ ಸಂಬಂಧಗಳೆಲ್ಲ ಬಾಗಿಲಿನಿಂದಲೇ ವಾಪಸಾದವು. ನಾನು ನಿವೃತ್ತನಾಗುವ ಹೊತ್ತಿಗೆ ಸುಧಾ ಸ್ಟಾಫ್ ರೂಮಿಗೆ ಬಂದು ಬೇರೆ ಕಡೆ ಮದುವೆ ಗೊತ್ತಾಗಿದೆ ಎಂದರು. ಅದಕ್ಕೂ ಮೊದಲು ಕಿಣ್ಣಿ ಸುಲ್ತಾನ ಎಂಬ ಊರಿನ ತಮ್ಮ ಹೊಲದಲ್ಲಿ ಬಾಳೆಗಿಡದ ಶಾಸ್ತ್ರ.

“ಆ ಶಾಸ್ತ್ರಕ್ಕ ನೀವ್ ಬರಬ್ಯಾಡ್ರಿ ಸರ. ತಿಳೀದ ಮಾಡಾಕತ್ತಿಲ್ಲ ನಾನು. ಅಪ್ಪ ಊಟ ಬಿಟ್ಟಾನ.”

ತಿಳಿಯದವರಿಗೆ ತಿಳಿಸಿ ಹೇಳಬಹುದು. ನನ್ನ ಇಡೀ ನೌಕರಿ ಅದೇ ನಂಬಿಕೆಯಲ್ಲಿ ಕಳೆಯಿತು. ಎಲ್ಲ ತಿಳಿದೂ ಗಿಡದ ಮುಂದೆ ಹಾರ ಹಿಡಿದು ನಿಲ್ಲಬೇಕಾದವರಿಗೆ ಏನು ಕಲಿಸಬೇಕೆಂದು ಯಾವ ಪಠ್ಯದಲ್ಲೂ ಇರಲಿಲ್ಲ. ಸುಧಾ ಎರಡನೇ ಪೀರಿಯಡ್ಡಿಗೆ ಹೋದರು.