ಅಜ್ಜಿಗೆ ಕೋಪ ಬರಬಾರದು

ಬಯ್ಯುವುದಕ್ಕೂ ಮುದ್ದು ಮಾಡುವುದಕ್ಕೂ ನಮ್ಮ ಕಡೆಯವರು ಒಂದೇ ಗಂಟಲು ಬಳಸುತ್ತಿದ್ದ ಕಾಲ ಅದು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರ ನಮ್ಮೂರು. ಕರೆಂಟು ಬಂದಿತ್ತು, ಬಸ್ಸು ಬಂದಿರಲಿಲ್ಲ. ಬಸ್ಸು ಹತ್ತಬೇಕೆಂದರೆ ಗದ್ದೆ ಬದುವಿನ ಮೇಲೆ ಕೊಪ್ಪಕ್ಕೆ ನಡೆಯಬೇಕು.

ಕೋಳಿ ಕೂಗುವ ಮೊದಲೇ ನಮ್ಮ ಮನೆಯಲ್ಲಿ ಅಜ್ಜಿಯ ಬಾಯಿ ಏಳುತ್ತಿತ್ತು. ಅಜ್ಜಿಯ ಹೆಸರು ಕೆಂಪಮ್ಮ. “ಬಿಸ್ಲು ನೆತ್ತಿಗ್ ಬಂತು, ಇನ್ನೂ ಬಿದ್ಕಂಡವ್ರೆ ನೋಡು!” ಎಂದು ಕತ್ತಲಲ್ಲೇ ನಮ್ಮಿಂದ ಶುರುಮಾಡಿ, ಎಮ್ಮೆ, ಒಲೆ, ಒಲೆಯೊಳಗಿನ ಹಸಿ ಸೌದೆ, ಸೌದೆ ತಂದ ಅವ್ವ, ಎಲ್ಲರನ್ನೂ ಒಂದು ಸುತ್ತು ಮುಗಿಸಿ ಕೊನೆಗೆ ಹಿತ್ತಿಲ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಗೋಡೆಯಾಚೆ ಚಿಕ್ಕತಾಯಮ್ಮ. ಅಜ್ಜಿಯದೇ ವಯಸ್ಸು, ಅಜ್ಜಿಯಂತೆಯೇ ಗಂಡನನ್ನು ಕಳೆದುಕೊಂಡವಳು.

“ಲೇ ಚಿಕ್ತಾಯಿ, ನಿನ್ ಮೇಕೆ ನನ್ ಅವರೆ ಗಿಡನೆಲ್ಲ ಬೋಳಿಸ್ ಹಾಕದಲ್ಲೇ!”

“ನಿನ್ ಅವರೆ ಏನ್ ಚಿನ್ನದ್ದಾ? ನನ್ ಮೇಕೆ ಅದ್ನ ಮೂಸೂ ನೋಡಾಕಿಲ್ಲ, ಹೋಗೇ!”

ಇಬ್ಬರೂ ಒಬ್ಬರ ತವರುಮನೆಯನ್ನು ಇನ್ನೊಬ್ಬರು ಜಾಲಾಡಿದ ಮೇಲೆ ಹಗುರಾಗಿ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಅದೇ ಗೋಡೆಯ ಮೇಲಿಂದ ಒಂದು ಬಟ್ಟಲು ಸಾರು ಈಚೆ ಬರುತ್ತಿತ್ತು, ಒಂದು ಹಿಡಿ ಸೊಪ್ಪು ಆಚೆ ಹೋಗುತ್ತಿತ್ತು. ಅಜ್ಜಿ ದೊಡ್ಡ ಮುದ್ದೆ ಉಂಡು, ಇನ್ನರ್ಧ ಹಾಕಿಸಿಕೊಂಡು, ಗೊರಕೆ ಹೊಡೆದು ಮಲಗುತ್ತಿದ್ದಳು.

ಒಂದು ವರ್ಷ, ಅವರೆಕಾಯಿ ಕಾಲ. ಊರೆಲ್ಲ ಸೊಗಡಿನ ವಾಸನೆ, ಸುಲಿದು ಸುಲಿದು ನಮ್ಮ ಬೆರಳ ತುದಿಯೆಲ್ಲ ಕಪ್ಪು. ಒಂದು ದಿನ ಜಗಲಿಯ ಮೇಲೆ ಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆಸುತ್ತು ಬಂದು ಗೋಡೆಗೆ ಒರಗಿಬಿಟ್ಟಳು. ಪಕ್ಕದೂರಿನ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಅಪ್ಪ ಅವಳನ್ನು ಗಾಡಿಯಲ್ಲಿ ಕೊಪ್ಪಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಮದ್ದೂರಿಗೆ ಕರೆದುಕೊಂಡು ಹೋದ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು ನೋಡಿದರಂತೆ. ಅಜ್ಜಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅಪ್ಪನಿಗೆ ಮಾತ್ರ ಹೇಳಿದರಂತೆ: ಬಿ.ಪಿ. ಇದೆ, ಮಾತ್ರೆ ಕೊಡಿ, ಉಪ್ಪು ಕಮ್ಮಿ ಮಾಡಿ, ಕೋಪ ಬರದ ಹಾಗೆ ನೋಡಿಕೊಳ್ಳಿ.

ಮೇಷ್ಟ್ರಲ್ಲವೇ, ಅಪ್ಪ ಕೊನೆಯ ಮಾತನ್ನು ಪಾಠದಂತೆ ಹಿಡಿದುಕೊಂಡ. ಅವ್ವನನ್ನು, ನನ್ನನ್ನು, ಚಿಕ್ಕತಾಯಮ್ಮನನ್ನು ಕೊಟ್ಟಿಗೆಯಲ್ಲಿ ಸೇರಿಸಿದ. “ಇನ್ಮೇಲೆ ನಮ್ಮವ್ವುಂಗೆ ಸಿಟ್ಟು ಬರೋ ಅಂಥದ್ದು ಏನೂ ನಡೀಕೂಡ್ದು. ಯಾರೂ ಎದುರು ಮಾತಾಡ್ಬ್ಯಾಡಿ. ಈ ವಿಷ್ಯನೂ ಅವಳ ಕಿವಿಗೆ ಬೀಳ್ಬಾರ್ದು, ಹೆದರ್ಕತಾಳೆ” ಎಂದ. ನಾವೆಲ್ಲ ತಲೆಯಾಡಿಸಿದೆವು.

ಮಾರನೆಯ ದಿನದಿಂದ ನಮ್ಮ ಮನೆ ಬೇರೆ ಯಾರದೋ ಮನೆಯ ಹಾಗಾಯಿತು. ಅಜ್ಜಿ ಸಾರನ್ನು ಬಾಯಿಗಿಟ್ಟು, “ಇದೇನೇ ಇದು, ಉಪ್ಪಿಲ್ಲ ಉಳಿ ಇಲ್ಲ, ಎಮ್ಮೆ ಮುಸುರೆ ಇದ್ದಂಗದೆ!” ಎಂದಳು. ಬೇರೆ ದಿನವಾಗಿದ್ದರೆ ಅವ್ವ ಸೌಟು ಕುಕ್ಕಿ ಉತ್ತರ ಕೊಡುತ್ತಿದ್ದಳು. ಅವತ್ತು ತಲೆ ತಗ್ಗಿಸಿ, “ತಪ್ಪಾಯ್ತು ಕಣತ್ತೆ” ಎಂದಳು. ಅಜ್ಜಿ ತುತ್ತು ಕೈಯಲ್ಲೇ ಹಿಡಿದು ಅವ್ವನ ಮುಖವನ್ನೇ ನೋಡಿದಳು. ನಾನು ಒಡೆದ ಗಡಿಗೆಯ ಚೂರುಗಳನ್ನು ಅಜ್ಜಿಯ ಕಣ್ಣಿಗೆ ಬೀಳದ ಹಾಗೆ ಅವ್ವನೇ ತಿಪ್ಪೆಗೆ ಸಾಗಿಸಿದಳು. “ಸುಮ್ಕಿರವ್ವ ಸಾಕು” ಎಂದಷ್ಟೇ ತಾಯಿಯೊಡನೆ ಮಾತಾಡುತ್ತಿದ್ದ ಅಪ್ಪ ಈಗ ಪಕ್ಕದಲ್ಲಿ ಕೂತು, “ನಿದ್ದೆ ಬಂತೇನವ್ವ? ಬಾಯಿಗೆ ಏನಾದ್ರೂ ಬೇಕು ಅನ್ನಿಸ್ತದಾ?” ಎಂದು ಕೇಳುತ್ತಿದ್ದ. ರಸಬಾಳೆ ತಂದು ತಾನೇ ಸುಲಿದು ಕೊಡುತ್ತಿದ್ದ.

ಇದೆಲ್ಲವನ್ನೂ ಅಜ್ಜಿ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಗೋಡೆಯಾಚೆಯೂ ಸದ್ದಡಗಿತು. ಚಿಕ್ಕತಾಯಮ್ಮ ಮೇಕೆಯನ್ನು ಗೂಟಕ್ಕೆ ಬಿಗಿದುಬಿಟ್ಟಿದ್ದಳು. ಅಜ್ಜಿ ಗೋಡೆಯ ಬಳಿ ನಿಂತು, “ಎಲ್ಲಿ ಹಾಳಾಗೋದ್ಲೋ ಇವ್ಳು!” ಎಂದು ಬೇಕೆಂದೇ ಕೆಣಕಿದರೆ, ಆಚೆಯಿಂದ ಮೆತ್ತಗೆ, “ಚೆಂದಾಗಿದ್ದೀಯಾ ಕೆಂಪಕ್ಕ?” ಎಂದು ಕೇಳಿಬರುತ್ತಿತ್ತು. ಅಕ್ಕ! ಅಜ್ಜಿ ಮುಖ ಸಣ್ಣದು ಮಾಡಿಕೊಂಡು ಒಳಗೆ ಬರುತ್ತಿದ್ದಳು.

ಆಮೇಲೆ ಅಜ್ಜಿ ಇಳಿದುಹೋದಳು. ಹಿತಕಿದ ಬೇಳೆ ಸಾರಿನ ಘಮಕ್ಕೆ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ಅಜ್ಜಿ ಮಾತ್ರ ಅರ್ಧ ಮುದ್ದೆ ಮುರಿದು ತಟ್ಟೆ ತಳ್ಳುತ್ತಿದ್ದಳು. ನಿದ್ದೆ ಇಲ್ಲ. ಬೆಳಿಗ್ಗೆ ನಮ್ಮನ್ನು ಎಬ್ಬಿಸುವವರಿಲ್ಲ. ಹಜಾರದ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅಪ್ಪ ಟಾನಿಕ್ಕು ತಂದ, ಇನ್ನಷ್ಟು ಮೆತ್ತಗೆ ಮಾತಾಡಿದ. ಅಜ್ಜಿ ಇನ್ನಷ್ಟು ಸೊರಗಿದಳು.

ಒಂದು ಮಧ್ಯಾಹ್ನ ಅಪ್ಪ ಸ್ಕೂಲಿಗೆ, ಅವ್ವ ಗದ್ದೆಗೆ ಹೋಗಿದ್ದರು. ನಾನು ಅಜ್ಜಿಯ ಪಕ್ಕ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆ. ಅಜ್ಜಿ ಈ ಕಡೆ ತಿರುಗಿದಳು.

“ಅಮ್ಮಿ, ನಿಜ ಹೇಳು. ಡಾಕ್ಟ್ರು ನಂಗೆ ಎಷ್ಟ್ ದಿನ ಅಂದವ್ರೆ?”

“ಏನೂ ಅಂದಿಲ್ಲ ಕಣಜ್ಜಿ.”

“ಸುಳ್ಳು ಬ್ಯಾಡ. ನಿಮ್ ತಾತ ಸಾಯೋ ಮುಂಚೆ ನಾವೂ ಇಂಗೇ ಮಾತಾಡ್ಸಿದ್ವು, ಮೆತ್‌ಮೆತ್ತಗೆ. ಇವತ್ತೋ ನಾಳೆಯೋ ಅನ್ನೋರನ್ನ ಯಾರ್ ಬಯ್ತಾರೆ? ಆ ಚಿಕ್ತಾಯಿನೂ ನನ್ನ ಅಕ್ಕ ಅಂದ್ಲು. ನಂಗೆ ಗೊತ್ತಾಯ್ತು, ಬುಡು.”

ಹಾಗೆನ್ನುತ್ತಲೇ ಕಿವಿಯ ಕೆಂಪುಕಲ್ಲಿನ ಓಲೆ ಬಿಚ್ಚಿ ನನ್ನ ಕೈಗಿಟ್ಟು, “ನಿನ್ ಮದ್ವೆಗೆ ಮಡೀಕೋ” ಎಂದಳು. ಓಲೆ ಇಲ್ಲದ ಅಜ್ಜಿಯನ್ನು ನಾನು ಕಂಡೇ ಇರಲಿಲ್ಲ. ಅಜ್ಜಿ ಸತ್ತೇಹೋಗುತ್ತಾಳೆ ಅನ್ನಿಸಿತು. ಅಳುತ್ತಾ ಚಿಕ್ಕತಾಯಮ್ಮನ ಮನೆಗೆ ಓಡಿದೆ.

ಅವಳು ರಾಗಿ ಕೇರುತ್ತಿದ್ದಳು. ನಾನು ಬಿಕ್ಕುತ್ತಾ ಹೇಳಿದ್ದನ್ನು ಕೇಳಿ, ಅಂಗೈಯಲ್ಲಿ ಓಲೆ ನೋಡಿದವಳೇ ಮೊರ ಬಿಸಾಕಿ, ಸೆರಗು ಸಿಕ್ಕಿಸಿ, ನೇರ ನಮ್ಮ ಹಜಾರಕ್ಕೆ ಬಂದು ನಿಂತಳು. ಕಣ್ಣಲ್ಲಿ ನೀರಿತ್ತು. ಗಂಟಲು ಮಾತ್ರ ಹಳೆಯದೇ.

“ಎದ್ದೇಳೇ ಕೆಂಪಿ! ಸಾಯ್ತಾಳಂತೆ ಸಾಯ್ತಾಳೆ! ನಿಂಗೆ ಕ್ವಾಪ ಬರಬಾರ್ದು ಅಂತ ಡಾಕ್ಟ್ರು ಅಂದ್ರಂತೆ, ಅದ್ಕೆ ನಿನ್ ಮಗ ನಮ್ಮೆಲ್ರ ಬಾಯಿಗೂ ಬೀಗ ಹಾಕವ್ನೆ. ಬಾಯ್ ಕಟ್ಕಂಡು ಕಟ್ಕಂಡು ನಂಗೆ ಉಂಡಿದ್ದು ಅರಗ್ತಿಲ್ಲ, ನೀನಿಲ್ಲಿ ವಾಲೆ ಹಂಚ್ಕಂಡು ಮಲಗಿದ್ದೀಯಾ?”

ಅಜ್ಜಿ ಮೊಣಕೈ ಊರಿ ಎದ್ದಳು. ನಿಜಕ್ಕೂ ಅಚ್ಚರಿಯಿಂದ ಕೇಳಿದಳು: “ಕ್ವಾಪನಾ? ನಂಗಾ? ನಂಗ್ ಯಾವತ್ತೇ ಕ್ವಾಪ ಬಂದದೆ? ಅದು ನಾನು ಮಾತಾಡೋದು ಕಣೇ!”

ಚಿಕ್ಕತಾಯಮ್ಮ ಚಾಪೆಯ ಮೇಲೆ ಕುಕ್ಕರಿಸಿದಳು. ಆಮೇಲೆ ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಅಜ್ಜಿ ಅತ್ತಳು, ಅತ್ತು ಮೂಗು ಸೀಟಿ, “ಇವತ್ತು ಅವ್ನು ಮನೇಗ್ ಬರ್ಲಿ” ಎಂದಳು. ನನ್ನ ಕಡೆ ಕೈ ಚಾಚಿ, “ತತ್ತಾ ಇತ್ತ ಆ ವಾಲೆಯ. ಇಷ್ಟ್ ಬೇಗ ಯಾಕೆ ನಿಂಗೆ?” ಎಂದಳು.

ಸಂಜೆ ಅಪ್ಪ ಸೈಕಲ್ಲು ನಿಲ್ಲಿಸುವ ಮೊದಲೇ ಶುರುವಾಯಿತು. ಅವನ ಓದು, ಅವನ ಬುದ್ಧಿ, ಅವನು ಸುಲಿದ ಬಾಳೆಹಣ್ಣು, ಒಂದನ್ನೂ ಬಿಡಲಿಲ್ಲ. ಅಪ್ಪ ಹ್ಯಾಂಡಲು ಹಿಡಿದುಕೊಂಡೇ ಹಲ್ಲು ಕಿರಿಯುತ್ತಾ ನಿಂತಿದ್ದ. ಅವ್ವ ಒಳಗೆ ಮುದ್ದೆ ತೊಳಸುತ್ತಾ ನಗುತ್ತಿದ್ದಳು. ಅಜ್ಜಿ ಅವತ್ತು ಹೊಟ್ಟೆ ತುಂಬ ಉಂಡಳು. ಮುಂದೆ ಮಾತ್ರೆ ನುಂಗಿದಳು, ಉಪ್ಪಿನಕಾಯಿಯನ್ನೂ ಬಿಟ್ಟಳು. ಬಾಯಿಯನ್ನು ಬಿಡಲಿಲ್ಲ. ನನ್ನ ಮದುವೆಯ ಚಪ್ಪರದಲ್ಲಿ ಬೀಗರನ್ನೂ ಬಯ್ಯುವವರೆಗೂ ಬದುಕಿದಳು.

ಈಗ ಯೋಚಿಸಿದರೆ ಎಲ್ಲ ಸರಳವಾಗಿದೆ. ಡಾಕ್ಟರು ತಪ್ಪು ಹೇಳಲಿಲ್ಲ, ಅಪ್ಪನದು ಪ್ರೀತಿಯೇ. ಆದರೆ ಅವಳನ್ನು ಹಾಸಿಗೆಗೆ ಕೆಡವಿದ್ದು ಬಿ.ಪಿ.ಗಿಂತ ಹೆಚ್ಚಾಗಿ ಭಯ. ಎಲ್ಲರೂ ತನ್ನನ್ನು ಲೆಕ್ಕದಿಂದ ತೆಗೆದುಬಿಟ್ಟರು ಎಂಬ ಭಯ. ಅದು ಅನ್ನವನ್ನೂ ತಿನ್ನುತ್ತದೆ, ನಿದ್ದೆಯನ್ನೂ ತಿನ್ನುತ್ತದೆ.

ಅಜ್ಜಿ ಹೋದ ಮೇಲೂ ಚಿಕ್ಕತಾಯಮ್ಮ ಬಹಳ ವರ್ಷ ಇದ್ದಳು. ಮದುವೆಯಾಗಿ ಮಂಡ್ಯ ಸೇರಿದ್ದ ನಾನು ಕೊನೆಯ ಸಲ ನೋಡಲು ಹೋದಾಗ ಅವಳಿಗೆ ಕಣ್ಣು ಮಂಜು. ನನ್ನ ಕೈ ತಡವಿ, “ಮೂಳೆ ಬಿಟ್ರೆ ಏನದೆ ಇದ್ರಲ್ಲಿ? ಮಂಡ್ಯದಲ್ಲಿ ಉಣ್ಣಾಕ್ ಇಕ್ಕಾಕಿಲ್ವಾ? ಊರ ದಾರಿ ಮರ್ತೋಯ್ತೇನೇ ಮೂದೇವಿ?” ಎಂದು ಬಯ್ಯುತ್ತಲೇ ಹೋದಳು. ನಾನು ಅವಳ ತೊಡೆಗೆ ಒರಗಿ ಹಾಯಾಗಿ ಕೂತಿದ್ದೆ.

ಈಗ ಊರಿಗೆ ಹೋದರೆ, “ಬನ್ನಿ ಮೇಡಂ, ಕೂತ್ಕೊಳಿ” ಎನ್ನುತ್ತಾರೆ. ಕುರ್ಚಿ ಒರೆಸಿ ಕೊಡುತ್ತಾರೆ, ಕಾಫಿ ತರುತ್ತಾರೆ. ಎಲ್ಲರೂ ತುಂಬ ಮೆತ್ತಗೆ ಮಾತಾಡಿಸುತ್ತಾರೆ. ಅಜ್ಜಿ ಯಾಕೆ ಅಷ್ಟು ಹೆದರಿದ್ದಳೆಂದು ನನಗೆ ಆಗೆಲ್ಲ ಚೆನ್ನಾಗಿ ಗೊತ್ತಾಗುತ್ತದೆ.