ಇವರ ಕ್ಯಾಮೆರಾ, ತಂಗಿಯ ಹಲ್ಲು

ನಮ್ಮ ಮನೆಯಲ್ಲಿ ಫೋಟೋಗಳಿಗೆ ಬರವಿಲ್ಲ, ಮುಖಗಳಿಗೆ ಬರ. ಮದುವೆಯಾದಾಗಿನಿಂದ ಇವರು ತೆಗೆದ ರಾಶಿ ಫೋಟೋಗಳಲ್ಲಿ ನನ್ನದೆಲ್ಲಿ ಎಂದು ಹುಡುಕಿದರೆ ಸಿಗುವುದು ನನ್ನ ಹಲ್ಲು. ಅತ್ತೆಯವರದ್ದಾದರೆ ದವಡೆ. ಮಗ ಮೊದಲ ಸಲ ಸೈಕಲ್ ಹೊಡೆದ ದಿನದ ಫೋಟೋದಲ್ಲಿ ಸೈಕಲ್ಲೇ ಇಲ್ಲ, ಅಲ್ಲಾಡುತ್ತಿರುವ ಒಂದು ಹಾಲುಹಲ್ಲು ಇದೆ. ಅದರ ಬಣ್ಣ ಎಷ್ಟು ಸರಿಯಾಗಿ ಬಂದಿದೆ ನೋಡಿ ಎಂದು ಇವರು ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಬಂದವರು ಪಾಪ, ನನ್ನ ಮುಖ ನೋಡುತ್ತಾರೆ.

ಇವರ ಕೆಲಸವೇ ಹಲ್ಲು ಮಾಡುವುದು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಹೊಂದುವ ಪಿಂಗಾಣಿ ಹಲ್ಲನ್ನು ತಿದ್ದಿ, ಬಣ್ಣ ಹಚ್ಚಿ, ಸುಟ್ಟು ಕೊಡುವವರು. ಲ್ಯಾಬ್ ಎಂದು ಬೋರ್ಡು ಹಾಕಿಕೊಂಡ ಒಂದು ಕೋಣೆಯಲ್ಲಿ ಮೇಜು, ಕತ್ತು ಬಗ್ಗಿಸಿದ ದೀಪ, ಹಲ್ಲು ಸುಡುವ ಸಣ್ಣ ಭಟ್ಟಿ, ಎಲ್ಲದರ ಮೇಲೂ ಬಿಳಿ ಪ್ಲಾಸ್ಟರ್ ಪುಡಿ. ಬಟ್ಟೆ ಒಗೆಯುವವಳು ನಾನಾದ್ದರಿಂದ ಆ ಪುಡಿಯ ಗುಣ ನನಗೆ ಚೆನ್ನಾಗಿ ಗೊತ್ತು. ಹೊಸ ಹಲ್ಲು ಪಕ್ಕದ ಹಲ್ಲುಗಳ ಬಣ್ಣಕ್ಕೆ ಹೊಂದಬೇಕಲ್ಲ, ಅದಕ್ಕೆಂದು ಅಂಗಿಯ ಜೇಬಿನಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮೆರಾ ಇಟ್ಟುಕೊಂಡಿದ್ದಾರೆ. ಗುಂಡಿ ಒತ್ತಿದರೆ ಅದರ ಮೂತಿ ಮುಂದೆ ಬರುತ್ತದೆ, ಜೂಮ್ ಮಾಡಿದರೆ ಇನ್ನೂ ಮುಂದೆ. ಕೆಲಸಕ್ಕೆ ಅದು ಬೇಕು ಸರಿ, ಆದರೆ ಮದುವೆಮನೆಗೂ ಅದೇ, ಆಸ್ಪತ್ರೆಗೂ ಅದೇ.

ಎಲ್ಲರ ಕೈಯಲ್ಲೂ ಫೋನಿರುವ ಈ ಕಾಲದಲ್ಲಿ ಕ್ಯಾಮೆರಾ ಹಿಡಿದ ಗಂಡನೊಡನೆ ಬಾಳುವ ಕಷ್ಟ ಬಾಳಿದವರಿಗೇ ಗೊತ್ತು. ಅದಕ್ಕೆ ಚಾರ್ಜರ್ ಬೇರೆ, ಅದು ಬೇಕಾದಾಗ ಸಿಗುವುದಿಲ್ಲ. ಕಾರ್ಡು ಬೇರೆ, ಅದು ಯಾವಾಗಲೂ ತುಂಬಿರುತ್ತದೆ. ಹೋಟೆಲಿನ ಮಬ್ಬು ಬೆಳಕಿನಲ್ಲಿ ಫೋನಿನ ಫೋಟೋದಲ್ಲಿ ಎಲ್ಲರೂ ಮಿರಮಿರ ಮಿಂಚಿದರೆ, ಇವರ ಫೋಟೋದಲ್ಲಿ ಮುಖಕ್ಕೆ ಮರಳು ಎರಚಿದ ಹಾಗೆ ಕಾಣುತ್ತೇವೆ. ಹೇಳಿದರೆ ಕೇಳಬೇಕಲ್ಲ.

"ಫೋನು ತನಗೆ ತೋಚಿದ್ದು ತೋರಿಸುತ್ತೆ ಕಣೇ. ಇದು ಎದುರಿಗೆ ಇರೋದನ್ನ ತೋರಿಸುತ್ತೆ."

"ಯಾರಿಗೆ ತೋರಿಸುತ್ತೆ? ಕಾರ್ಡಲ್ಲಿ ಕೂತು ಕೊಳೀತಾ ಇದೆ ಎಲ್ಲಾ. ನನ್ನ ತಂಗಿ ಫೋನಲ್ಲಿ ತೆಗೆದಿದ್ದು ಊಟ ಮುಗಿಯೋ ಮುಂಚೆ ಊರಿಗೆಲ್ಲ ಮುಟ್ಟಿರುತ್ತೆ."

"ಊರಿಗೆಲ್ಲ ಮುಟ್ಟಿದ್ದೆಲ್ಲ ನಿಜಾನಾ?" ಎಂದು ಕೇಳಿ ಮುಗುಳ್ನಗುತ್ತಾರೆ. ಆ ಮುಗುಳ್ನಗೆಗೆ ನನ್ನ ಪಿತ್ತ ನೆತ್ತಿಗೇರುತ್ತದೆ.

ಈ ಜಗಳದ ನಡುವೆ ಸಿಕ್ಕಿಕೊಂಡವಳು ನನ್ನ ತಂಗಿ. ಅವಳು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ಅವಳ ತುಟಿಯ ಚಲನೆ ನೋಡಿಯೇ ಮಕ್ಕಳು ಮಾತು ತಿಳಿಯುವುದು. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಗೆ ಎದುರಾಗಿ ನಿಂತು ಪಾಠ ಮಾಡುತ್ತಾಳೆ, ಮಾತಾಡುವಾಗ ಬೋರ್ಡಿನ ಕಡೆ ತಿರುಗುವುದೇ ಇಲ್ಲ. ಮನೆಗೆ ಬಂದರೂ ಅದೇ ಅಭ್ಯಾಸದಲ್ಲಿ ತುಟಿ ಬಿಡಿಸಿ ಬಿಡಿಸಿ "ಅಕ್ಕಾ, ನೀ-ರು ಕೊ-ಡು" ಎನ್ನುತ್ತಿದ್ದಳು. ಅಂಥವಳು ಒಂದು ಬೆಳಿಗ್ಗೆ ಅವಸರದಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಮುಖ ಬಡಿದುಕೊಂಡು ಮುಂದಿನ ಹಲ್ಲು ಮುರಿದುಕೊಂಡಳು.

ಡಾಕ್ಟರು ನರ ತೆಗೆದು, ಉಳಿದ ಮೊಂಡನ್ನು ಸವೆಸಿ ಸಣ್ಣದು ಮಾಡಿ, ಅಚ್ಚು ತೆಗೆದು, ಸದ್ಯಕ್ಕೆ ಅಂತ ಒಂದು ಪ್ಲಾಸ್ಟಿಕ್ ಕ್ಯಾಪ್ ಕೂರಿಸಿದರು. ಅದೋ, ಸ್ವಲ್ಪ ಜೋರಾಗಿ ಮಾತಾಡಿದರೆ ಕಳಚಿ ಕೈಗೇ ಬರುತ್ತಿತ್ತು. ಅಂದಿನಿಂದ ಅವಳ ಬಲಗೈ ಬಾಯಿಗೆ ಅಂಟಿಕೊಂಡಿತು. ಭಾವನೇ ಹಲ್ಲು ಮಾಡುವವರು, ನಿನಗೇನು ಚಿಂತೆ ಎಂದು ಎಲ್ಲರೂ ಸಮಾಧಾನ ಹೇಳಿದೆವು. ಸರಿಯಾಗಿ ಆಗಲೇ ಇವರ ಕ್ಯಾಮೆರಾದ ಮೂತಿ ಅರ್ಧ ಹೊರಗೆ ಬಂದು ನಿಂತುಬಿಟ್ಟಿತು. ಒಳಗೆಲ್ಲ ಪ್ಲಾಸ್ಟರ್ ಪುಡಿ. ರಿಪೇರಿಗೆ ಟೈಮ್ ಹಿಡಿಯುತ್ತೆ ಎಂದರು ಅಂಗಡಿಯವರು.

"ನನ್ನ ಫೋನಲ್ಲೇ ತೆಗೀರಿ ಭಾವ," ಎಂದಳು ತಂಗಿ. "ಹೊಸದು. ನಿಮ್ಮ ಡಬ್ಬಿಗಿಂತ ಹತ್ತು ಪಾಲು ಚೆನ್ನಾಗಿದೆ."

ಬೇರೆ ದಾರಿಯಿಲ್ಲದೆ ಒಪ್ಪಿದರು. ಇವರ ಹತ್ತಿರ ಬೇರೆ ಬೇರೆ ಬಿಳುಪಿನ ಮಾದರಿ ಹಲ್ಲುಗಳಿವೆ. ಅವನ್ನು ಒಂದೊಂದಾಗಿ ಅವಳ ಹಲ್ಲಿನ ಪಕ್ಕ ಹಿಡಿದು ಫೋಟೋ ತೆಗೆದರು. ಹಿಡಿದು ನೋಡುವಾಗಲೇ ಕಣ್ಣಿಗೆ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಹಲ್ಲು ನೋಡಿ ನೋಡಿ ಕಣ್ಣು ದಣಿದು ಮೋಸ ಹೋಗುತ್ತೆ, ಮರುದಿನ ಫೋಟೋ ನೋಡಿಯೇ ತೀರ್ಮಾನ ಮಾಡಬೇಕು ಎನ್ನುವುದು ಇವರ ಪದ್ಧತಿ. ಆ ಪದ್ಧತಿ ಫೋನಿಗೂ ನಡೆಯುತ್ತದೆ ಎಂದುಕೊಂಡರು. ಹಲ್ಲು ಸಿದ್ಧವಾಯಿತು. ಅಂಟಿಸುವ ಮುಂಚೆ ಡಾಕ್ಟರು, "ಬಿಳುಪು ಸ್ವಲ್ಪ ಹೆಚ್ಚಾಯ್ತೇನೋ," ಎಂದರಂತೆ. ಇವಳು ಒಂದು ಸೆಲ್ಫಿ ತೆಗೆದು ನೋಡಿ, "ಸರಿಯಾಗಿದೆ, ಅಂಟಿಸಿ," ಎಂದಳಂತೆ.

ನೇರವಾಗಿ ನಮ್ಮ ಮನೆಗೆ ಬಂದು ನಕ್ಕಳು. ಉಳಿದ ಹಲ್ಲುಗಳೆಲ್ಲ ಹಲ್ಲಿನ ಬಣ್ಣದಲ್ಲಿದ್ದವು. ಅದೊಂದು ಮಾತ್ರ ಹೊಸ ವಾಶ್ ಬೇಸಿನ್ನಿನ ಬಣ್ಣ. ಇವರು ಕಾಫಿ ಲೋಟ ಕೆಳಗಿಟ್ಟು ಅವಳ ಫೋನು ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಮುಖ ಕಂಡ ತಕ್ಷಣ ಇದು ಬಾಯೊಳಗಿನ ಹಲ್ಲನ್ನ ತಾನೇ ಬೆಳ್ಳಗೆ ಮಾಡಿದೆ. ಪಕ್ಕದಲ್ಲಿ ಹಿಡಿದ ಮಾದರೀನ ಹಾಗೇ ಬಿಟ್ಟಿದೆ. ಅದಕ್ಕೇ ತೀರಾ ಬೆಳ್ಳಗಿನ ಮಾದರೀನೇ ಹೊಂದೋ ಹಾಗೆ ಕಂಡಿದೆ. ನಾನು ನೋಡ್ಕೋಬೇಕಿತ್ತು, ತಪ್ಪು ನಂದೇ. ತೆಗೆಸು ಪುಟ್ಟಿ, ಬೇರೆ ಮಾಡ್ಕೊಡ್ತೀನಿ."

"ಮತ್ತೆ ಆ ಪ್ಲಾಸ್ಟಿಕ್ ಹಾಕ್ಕೊಂಡು ಓಡಾಡ್ಲಾ? ನನ್ನ ಕೈಲಾಗಲ್ಲ. ಫೋಟೋದಲ್ಲಿ ಚೆನ್ನಾಗೇ ಇದೆಯಲ್ಲ, ನೋಡಿ."

ಚೆನ್ನಾಗೇ ಇತ್ತು. ಫೋನು ಎಲ್ಲ ಹಲ್ಲುಗಳನ್ನೂ ಒಂದೇ ಸಮ ಬೆಳಗಿಸಿ ಇಟ್ಟಿತ್ತು. ನಮ್ಮ ಕುಟುಂಬದ ಗ್ರೂಪಿಗೆ ಹಾಕಿದಳು. ಸೂಪರ್ ಎಂದಳು ಅತ್ತಿಗೆ, ನಟಿ ಹಾಗೆ ಕಾಣ್ತೀಯ ಎಂದರು ಚಿಕ್ಕಮ್ಮ. ಎದುರಿಗೆ ಕಂಡಾಗ ಅದೇ ಜನ ಅವಳ ಕಣ್ಣು ಬಿಟ್ಟು ಹಲ್ಲಿನೊಂದಿಗೆ ಮಾತಾಡುತ್ತಿದ್ದರು. ಅವಳು ಕನ್ನಡಿ ನೋಡುವುದನ್ನೇ ಬಿಟ್ಟು ತಲೆ ಬಾಚಲೂ ಫೋನು ಹಿಡಿಯತೊಡಗಿದಳು. ಕೈ ಮಾತ್ರ ಬಾಯಿಂದ ಇಳಿಯಲಿಲ್ಲ. ಇತ್ತ ಇವರು ಮೂರು ಹೊತ್ತೂ, "ನಾನು ಹೇಳಿರಲಿಲ್ವಾ ಫೋನು ಅಂದ್ರೆ ಹೀಗೇ ಅಂತ," ಎಂದು ಕೊರೆಯತೊಡಗಿದರು. ಇಬ್ಬರ ನಡುವೆ ನನ್ನ ತಲೆ ಚಿಟ್ಟು ಹಿಡಿದುಹೋಯಿತು.

ಆಮೇಲೆ ಶಾಲೆಯ ಹೆಡ್ ಮೇಡಂ ನನಗೆ ಫೋನು ಮಾಡಿದರು. "ನೀವಾದ್ರೂ ನಿಮ್ಮ ತಂಗಿಗೆ ಹೇಳಿ. ಪಾಠ ಮಾಡುವಾಗ ಕೈ ಬಾಯಿಗೆ ಅಡ್ಡ ಹೋಗುತ್ತೆ. ಮಕ್ಕಳಿಗೆ ಏನೂ ಗೊತ್ತಾಗ್ತಿಲ್ಲ. ಹೀಗೇ ಆದ್ರೆ ನಿಮ್ಮ ತಂಗೀನ ಕ್ಲಾಸಿಂದ ತೆಗೆದು ಆಫೀಸ್ ಕೆಲಸಕ್ಕೆ ಹಾಕ್ಬೇಕಾಗುತ್ತೆ. ನನಗೂ ಮನಸ್ಸಿಲ್ಲ."

ಕ್ಲಾಸು ಬಿಟ್ಟರೆ ನನ್ನ ತಂಗಿ ತಂಗಿಯಾಗಿ ಉಳಿಯುವುದಿಲ್ಲ. ಅವಳನ್ನು ಕೇಳಿದರೆ ನನ್ನ ಮೇಲೇ ಹಾರಿಬಿದ್ದಳು. "ಕ್ಲಾಸಲ್ಲಿ ನಾನ್ಯಾಕೆ ಕೈ ಇಡ್ಲಿ? ನನಗೆ ಅಷ್ಟೂ ಗೊತ್ತಾಗಲ್ವಾ? ಮೇಡಂ ಒಂದು ಫೋಟೋ ತೋರಿಸಿದ್ರು, ಬಾಗಿಲ ಗಾಜಿನಿಂದ ಫೋನಲ್ಲಿ ಎಳೆದೆಳೆದು ದೊಡ್ಡದು ಮಾಡಿ ತೆಗೆದಿದ್ದು. ನನ್ನ ಮುಖ ಎಲ್ಲಿ, ಕೈ ಎಲ್ಲಿ, ಒಂದೂ ಗೊತ್ತಾಗಲ್ಲ. ಕೆಮ್ಮಿರ್ತೀನಿ ಅಷ್ಟೆ." ಸುಳ್ಳು ಹೇಳುತ್ತಿರಲಿಲ್ಲ. ಕೈ ಮೇಲೇಳುವುದು ಅವಳಿಗೇ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಕ್ಯಾಮೆರಾ ರಿಪೇರಿಯಾಗಿ ಬಂದಿತ್ತು. ಮೇಡಂ ಒಪ್ಪಿಗೆ ಕೇಳಿ ನಾನೂ ಇವರೂ ಶಾಲೆಗೆ ಹೋದೆವು. ಅವಳ ತರಗತಿ ಉದ್ದನೆಯ ಕೋಣೆ, ನಾವು ಹಿಂದಿನ ಬಾಗಿಲಿನ ಗಾಜಿನ ಆಚೆ. ದಾರಿ ತಪ್ಪಿದ ಕರಡಿಮರಿಯ ಕಥೆ ಹೇಳುತ್ತಿದ್ದಳು. ಇವರು ಕ್ಯಾಮೆರಾದ ಮೂತಿಯನ್ನು ಗಾಜಿಗೆ ಒತ್ತಿ ಹಿಡಿದು, ಜೂಮ್ ಮಾಡಿ, ಒಂದರ ಹಿಂದೆ ಒಂದು ತೆಗೆದರು. ಹಲ್ಲು ಕಾಣದ ಫೋಟೋವನ್ನು ಇವರು ಬೇಕೆಂದೇ ತೆಗೆದದ್ದು ನಾನು ಕಂಡಂತೆ ಅದೇ ಮೊದಲು.

ತರಗತಿ ಮುಗಿದ ಮೇಲೆ ಟೀಚರುಗಳ ಕೋಣೆಯಲ್ಲಿ ಇವರು ಕ್ಯಾಮೆರಾ ಅವಳ ಕೈಗೆ ಕೊಟ್ಟರು. ಮೊದಲ ಫೋಟೋದಲ್ಲಿ ಮೂಗಿನ ಕೆಳಗೆಲ್ಲ ಕೈ. ಮುಂದಿನದು ಒತ್ತಿದಳು, ಅಲ್ಲೂ ಕೈ. ಇನ್ನೊಂದರಲ್ಲೂ. ಉಗುರಿನ ಬಣ್ಣ ಒಂದು ಕಡೆ ಎದ್ದಿರುವುದೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಳುತ್ತಾಳೆ, ಇಲ್ಲವೇ ಜಗಳ ತೆಗೆಯುತ್ತಾಳೆ ಎಂದು ನಾನು ತಯಾರಾಗಿಯೇ ನಿಂತಿದ್ದೆ.

ಅವಳು ಗುಂಡಿ ಒತ್ತಿ ಒಂದು ಮೂಲೆಯನ್ನು ದೊಡ್ಡದು ಮಾಡಿದಳು. ಪುಟ್ಟ ಹುಡುಗಿಯೊಬ್ಬಳು ಬೆಂಚಿನ ಮೇಲೆ ನಿಂತು ಕತ್ತು ಒಂದು ಪಕ್ಕಕ್ಕೆ ಚಾಚಿದ್ದಳು, ಆ ಕೈಯ ಹಿಂದೆ ಏನಿದೆ ಎಂದು ಇಣುಕುವ ಹಾಗೆ.

"ಇವಳಿಗೆ ಬೈದೆ ಅಕ್ಕ," ಎಂದಳು. "ವಾರದಿಂದ ದಿನಾ ಎದ್ದೆದ್ದು ನಿಲ್ತಾಳೆ ಅಂತ ಬೈತಾನೇ ಇದೀನಿ."

ಕ್ಯಾಮೆರಾವನ್ನು ಇವರ ಕೈಗೆ ಹಿಂದಕ್ಕೆ ಕೊಡುತ್ತ ಕೇಳಿದಳು. "ಭಾವ, ಇವತ್ತೇ ತೆಗೆಸಿಬಿಡೋಣ್ವಾ?"

"ತೆಗೆಸೋಣ. ಹೊಸದು ಆಗೋಕೆ ಸ್ವಲ್ಪ ದಿನ ಹಿಡಿಯುತ್ತೆ. ಅಲ್ಲೀವರೆಗೆ ಪ್ಲಾಸ್ಟಿಕ್..."

"ಅದು ಬೇಡ. ಅದು ಬಿದ್ದೋಗುತ್ತೆ ಅನ್ನೋ ಭಯಕ್ಕೇ ಕೈ ಮೇಲೆ ಹೋಗೋಕೆ ಶುರುವಾಗಿದ್ದು. ಮೊಂಡೇ ಇರ್ಲಿ."

ಮರುದಿನ ತಡೆಯಲಾರದೆ ನಾನೊಬ್ಬಳೇ ಹೋಗಿ ಅದೇ ಗಾಜಿನ ಹಿಂದೆ ನಿಂತೆ. ತಂಗಿ ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಆ ಹುಡುಗಿ ಮೊದಲ ಬೆಂಚಿನಲ್ಲಿದ್ದಳು. ಅವಳನ್ನೇ ನೋಡುತ್ತ ತಂಗಿ ಮೊಂಡು ಹಲ್ಲು ಪೂರ್ತಿ ಕಾಣುವಂತೆ ಬಾಯಿ ತೆರೆದು, ಕರಡಿಮರಿಯ ಕಥೆಯನ್ನು ಮೊದಲಿನಿಂದ ಹೇಳಿದಳು. ಹುಡುಗಿ ಕೊನೆಯವರೆಗೂ ಕೂತೇ ಇದ್ದಳು.